ಗಾಡಿ ಓಡಿಸೋದೂ ನಾವೇ, ಕಕ್ಕಸು ಡಬ್ಬಿ ತೊಳೆಯೋದೂ ನಾವೇ

ಜುಲೈಯಲ್ಲಿ ಸ್ನೇಹಿತರ ಜೊತೆ ಆಸ್ಟ್ರೇಲಿಯಾದ ಕೇರ್ನ್ಸ್‌ನಿಂದ ಡಾರ್ವಿನ್‌ವರೆಗೆ ಮೋಟರ್‌ಹೋಮ್‌ನಲ್ಲಿ, ಅಂದರೆ ಹಾಸಿಗೆ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಬಾಡಿಗೆ ಗಾಡಿಯಲ್ಲಿ, ಹೋಗಿಬಂದೆವು. ಫೋಟೋ ನೋಡಿದವರೆಲ್ಲ "ಎಷ್ಟು ಚೆನ್ನಾಗಿದೆ, ಪುಣ್ಯ ಮಾಡಿದ್ದೀರಿ" ಅನ್ನುತ್ತಿದ್ದಾರೆ. ಆ ಫೋಟೋಗಳಲ್ಲಿ ನಾನೂ ನನ್ನ ಗಂಡನೂ ಯಾಕೆ ಇಲ್ಲ ಅಂತ ಒಬ್ಬರೂ ಕೇಳಲಿಲ್ಲ. ನಾನೇ ಹೇಳುತ್ತೇನೆ. ಅವರು ಫೋಟೋ ತೆಗೆಸಿಕೊಳ್ಳುವಾಗ ನಮ್ಮಲ್ಲಿ ಒಬ್ಬರು ನೀರಿನ ಪೈಪ್ ಹಿಡಿದು ನಿಂತಿದ್ದೆವು, ಇನ್ನೊಬ್ಬರು ಆರು ಜನರ ಕಕ್ಕಸಿನ ಡಬ್ಬಿ ಖಾಲಿ ಮಾಡುತ್ತಿದ್ದೆವು.

ನಾವು ಮೂರು ಜೋಡಿ. ಎಲ್ಲರೂ ಬ್ರಿಸ್ಬೇನ್‌ನಲ್ಲಿರುವ ಕನ್ನಡದವರು, ಯುಗಾದಿ ಗಣೇಶ ಹಬ್ಬ ಒಟ್ಟಿಗೆ ಮಾಡುವವರು. ಹೊರಡುವ ಮೊದಲು "ಎಲ್ಲ ಸೇರಿ ಕೆಲಸ ಹಂಚಿಕೊಳ್ಳೋಣ" ಅಂತ ಊಟದ ಮೇಜಿನ ಮೇಲೆ ಎಲ್ಲರೂ ತಲೆಯಾಡಿಸಿದ್ದರು. ಕೇರ್ನ್ಸ್‌ನಲ್ಲಿ ಗಾಡಿ ತೆಗೆದುಕೊಳ್ಳುವಾಗ ಕೌಂಟರ್‌ನಲ್ಲಿದ್ದ ಹುಡುಗಿ ಯಾರ್ಯಾರು ಓಡಿಸುತ್ತೀರಿ, ಲೈಸೆನ್ಸ್ ಕೊಡಿ ಅಂದಳು. ಕರಾರು ಪತ್ರದಲ್ಲಿ ಹೆಸರಿಲ್ಲದವರು ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ, ಮುಟ್ಟಿ ಏನಾದರೂ ಆದರೆ ವಿಮೆ ಒಂದು ಪೈಸೆ ಕೊಡಲ್ಲ. ಆರು ಜನರ ಹತ್ತಿರವೂ ಲೈಸೆನ್ಸ್ ಇತ್ತು. ನಾಲ್ಕೂವರೆ ಟನ್ ಒಳಗಿನ ಗಾಡಿಗೆ ಇಲ್ಲಿ ಮಾಮೂಲಿ ಕಾರ್ ಲೈಸೆನ್ಸೇ ಸಾಕು. ಆದರೂ ನಾಲ್ಕು ಜನ ಕೈಕಟ್ಟಿ ನಿಂತರು. "ದೊಡ್ಡ ಗಾಡಿ ಅಕ್ಕಾ, ನಮಗೆ ಅಭ್ಯಾಸ ಇಲ್ಲ, ನೀವಿಬ್ಬರು ಇದ್ದೀರಲ್ಲ ಸಾಕು." ನನಗೇನು ಹುಟ್ಟಿದಾಗಿನಿಂದ ಅಭ್ಯಾಸ ಇತ್ತಾ? ನಾನೂ ದಿನಾ ಓಡಿಸೋದು ಸಣ್ಣ ಕಾರೇ ತಾನೇ!

ಮೊದಲ ದಿನವೇ ಬೆಲ್ಟ್ ಜಗಳ. ಗಾಡಿ ಓಡುವಾಗ ಹಿಂದಿನ ಹಾಸಿಗೆಯಲ್ಲಿ ಮಲಗಬಾರದು, ಎಲ್ಲರೂ ಬೆಲ್ಟ್ ಹಾಕಿ ಸೀಟಲ್ಲೇ ಕೂರಬೇಕು. ನಮ್ಮ ರಾಜ್ಯ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2021ರ ನವೆಂಬರ್‌ನಿಂದ ಬೆಲ್ಟ್ ಹಾಕದವರನ್ನು ಕ್ಯಾಮೆರಾ ಹಿಡಿಯುತ್ತೆ, ದಂಡ ಸಾವಿರ ಡಾಲರ್‌ಗೂ ಜಾಸ್ತಿ. ಹಿಂದೆ ಕೂತವರು ಹಾಕದಿದ್ದರೂ ಓಡಿಸುವವರ ಲೈಸೆನ್ಸ್‌ಗೆ ಪೆಟ್ಟು. ಇದನ್ನೆಲ್ಲ ಹೇಳಿದರೂ ಟೀ ಮಾಡ್ತೀನಿ ಅಂತ ಒಬ್ಬಳು ಎದ್ದು ಓಡಾಡೋದು, ಬೆನ್ನು ನೋಯ್ತಿದೆ ಅಂತ ಒಬ್ಬ ಹಾಸಿಗೆ ಹತ್ತೋದು. ಬೆನ್ನು ನೋಯುತ್ತಿದ್ದದ್ದು ನನ್ನ ಗಂಡನಿಗೆ. ಅವನು ಗಂಟೆಗಟ್ಟಲೆ ಸ್ಟಿಯರಿಂಗ್ ಹಿಡಿದು ಕೂತಿದ್ದ.

ಎಟ್ಟಿ ಬೇ ಬೀಚಿನಲ್ಲಿ ಕ್ಯಾಸೊವರಿ ಅನ್ನೋ ಹಾರಲಾರದ ದೊಡ್ಡ ಹಕ್ಕಿ ಸಿಕ್ಕಿತು. ಕಾಡಿನಿಂದ ಹೊರಬಂದು ಮರಳಿನ ಮೇಲೆ ನಿಧಾನವಾಗಿ ನಡೆಯುತ್ತಿತ್ತು. ಮನುಷ್ಯನ ಎತ್ತರ, ನೀಲಿ ಕತ್ತು, ತಲೆಯ ಮೇಲೆ ಕಿರೀಟದ ಹಾಗಿನ ಕೊಂಬು. ಅಷ್ಟು ಹತ್ತಿರದಿಂದ ನೋಡಿದ್ದೇ ಭಾಗ್ಯ. ನಮ್ಮ ಗುಂಪಿನ ಒಬ್ಬ ಮಹಾಶಯ ಸೆಲ್ಫಿಗೆ ಅಂತ ಬಾಳೆಹಣ್ಣು ಹಿಡಿದು ಅದರ ಹತ್ತಿರ ಹೋದ. ಅದರ ಒಳಬೆರಳಿನ ಉಗುರು ಚೂರಿಯಷ್ಟು ಉದ್ದ, ಒದ್ದರೆ ಹೊಟ್ಟೆ ಸೀಳುತ್ತೆ. ತಿಂಡಿ ಹಾಕುವುದು ಕಾನೂನಿನ ಪ್ರಕಾರ ಅಪರಾಧ. ತಿಂಡಿಯ ಆಸೆಗೆ ಅವು ರಸ್ತೆಗೆ ಬಂದು ಕಾರಿಗೆ ಸಿಕ್ಕಿ ಸಾಯುತ್ತವೆ, ಮೊದಲೇ ಅಳಿವಿನ ಅಂಚಿನಲ್ಲಿರುವ ಹಕ್ಕಿ. ಅಷ್ಟು ದೊಡ್ಡ ಬೋರ್ಡ್ ಹಾಕಿದ್ದಾರೆ. ನಾನು ಕೂಗಿ ವಾಪಸ್ ಕರೆದರೆ ಅವನಿಗೆ ಅವಮಾನ ಆಯಿತಂತೆ, ಟೌನ್ಸ್‌ವಿಲ್ ಬರೋವರೆಗೂ ಮಾತಾಡಲಿಲ್ಲ.

ಇದೆಲ್ಲ ಹೋಗಲಿ, ಟಾಯ್ಲೆಟ್ ವಿಷಯಕ್ಕೆ ಬರುತ್ತೇನೆ. ನನಗೆ ಈಗಲೂ ಕುದಿಯೋದು ಅದಕ್ಕೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೋಟರ್‌ಹೋಮ್ ಟಾಯ್ಲೆಟ್ ಕೆಳಗೆ ಕ್ಯಾಸೆಟ್ ಅಂತ ಒಂದು ಡಬ್ಬಿ ಇರುತ್ತೆ. ಹೊರಗಿನ ಸಣ್ಣ ಬಾಗಿಲು ತೆಗೆದು ಅದನ್ನು ಎಳೆಯಬೇಕು. ಹಿಡಿಸೋದು ಇಪ್ಪತ್ತು ಲೀಟರ್ ಹತ್ತಿರ, ಆರು ಜನ ಬಳಸಿದರೆ ಮಾರನೇ ದಿನಕ್ಕೇ ತುಂಬುತ್ತೆ. ಅದನ್ನು ಡಂಪ್ ಪಾಯಿಂಟ್‌ಗೆ, ಅಂದರೆ ಇದನ್ನು ಸುರಿಯಲೆಂದೇ ಇರುವ ಗುಂಡಿಗೆ, ಎಳೆದುಕೊಂಡು ಹೋಗಿ, ಮೂತಿ ತಿರುಗಿಸಿ ಸುರಿದು, ನೀರು ಹಾಕಿ ಅಲ್ಲಾಡಿಸಿ ಎರಡು ಮೂರು ಸಲ ತೊಳೆದು, ರಾಸಾಯನಿಕ ಹಾಕಿ ವಾಪಸ್ ಕೂರಿಸಬೇಕು. ಹತ್ತು ನಿಮಿಷದ ಕೆಲಸ. ಕೈಗವಸು ಹಾಕಿಕೊಂಡರೆ ಕೈಗೆ ಏನೂ ತಾಗಲ್ಲ. ದಿನಕ್ಕೊಬ್ಬರು ಮಾಡಿದ್ದರೆ ಯಾರಿಗೂ ಭಾರ ಆಗುತ್ತಿರಲಿಲ್ಲ.

ಒಬ್ಬರೂ ಮುಟ್ಟಲಿಲ್ಲ. ಒಬ್ಬನಿಗೆ ವಾಸನೆ ಬಂದರೆ ವಾಂತಿಯಂತೆ. ಒಬ್ಬಳು ಸ್ನಾನ ಆಗಿದೆ ಅಂದಳು. ಇನ್ನೊಬ್ಬ "ನಾವು ಅದನ್ನ ಬಳಸೋದೇ ಕಮ್ಮಿ" ಅಂದ, ರಾತ್ರಿ ಎರಡು ಸಲ ಆ ಬಾಗಿಲು ತೆಗೆದದ್ದು ಪಕ್ಕದ ಹಾಸಿಗೆಯಲ್ಲಿದ್ದ ನನಗೆ ಕೇಳಿಸಲಿಲ್ಲವಾ? ಕೊಳಕು ಕೆಲಸಕ್ಕೆ ಬೇರೆ ಯಾರೋ ಇರುತ್ತಾರೆ ಅನ್ನೋದನ್ನ ಊರಿಂದ ಇಲ್ಲಿವರೆಗೆ ಹೊತ್ತು ತಂದಿದ್ದೇವೆ. ಹತ್ತು ಸಾವಿರ ಕಿಲೋಮೀಟರ್ ದೂರ ಬಂದು, ಪಾಸ್‌ಪೋರ್ಟ್ ಬದಲಾಯಿಸಿಕೊಂಡರೂ ಅದು ಹೋಗಿಲ್ಲ. ಹ್ಯೂಎಂಡನ್‌ನ ಕ್ಯಾರವಾನ್ ಪಾರ್ಕ್‌ನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ತನ್ನ ಡಬ್ಬಿಯನ್ನು ತಾನೇ ಎಳೆದುಕೊಂಡು ಬಂದು, ನನ್ನ ಹಿಂದೆ ಸರದಿಯಲ್ಲಿ ನಿಂತು ಹವಾಮಾನದ ಬಗ್ಗೆ ಮಾತಾಡಿದ. ಅವನಿಗೆ ಅದು ಹಲ್ಲುಜ್ಜಿದಷ್ಟೇ ಸಹಜ. ನಮ್ಮ ಗಟ್ಟಿಮುಟ್ಟು ಗಂಡಸರು ಅದೇ ಹೊತ್ತಿಗೆ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು.

ನೀರಿನದ್ದೂ ಇದೇ ಕಥೆ. ಟ್ಯಾಂಕ್ ಖಾಲಿಯಾದರೆ ಕೂಗು ಮಾತ್ರ ಬರುತ್ತೆ, ತುಂಬಿಸಲು ಜನ ಬರಲ್ಲ. ಹಿಂದಿನ ಎಸಿ, ಮೈಕ್ರೋವೇವ್ ಕರೆಂಟ್ ಇರುವ ಜಾಗದಲ್ಲಿ ಪ್ಲಗ್ ಹಾಕಿದರೆ ಮಾತ್ರ ಓಡುತ್ತವೆ ಅಂತ ಎಷ್ಟು ಸಲ ಹೇಳಿದರೂ ದಾರಿಬದಿ ನಿಲ್ಲಿಸಿದಾಗಲೆಲ್ಲ "ಎಸಿ ಕೆಟ್ಟಿದೆ, ಕಂಪನಿಗೆ ಫೋನ್ ಮಾಡಿ" ಅಂತ ನನಗೇ ಆರ್ಡರ್.

ಈಗ ಬೆಳಿಗ್ಗೆ ಹೊರಡುವ ವಿಷಯ. ಬೇರೆ ಎಲ್ಲವನ್ನೂ ನುಂಗಿಕೊಳ್ಳಬಹುದಿತ್ತು, ಇದರಲ್ಲಿ ಜೀವ ಹೋಗುತ್ತಿತ್ತು.

ಒಳನಾಡಿನ ರಸ್ತೆಗಳಲ್ಲಿ ಕತ್ತಲಾದ ಮೇಲೆ ಗಾಡಿ ಓಡಿಸಬಾರದು. ಇದು ನನ್ನ ಹೆದರಿಕೆ ಅಲ್ಲ, ಅಲ್ಲಿ ಬದುಕುವವರೆಲ್ಲ ಹೇಳುವ ಮಾತು. ಕಾಂಗರೂಗಳು ಮುಸ್ಸಂಜೆಗೆ ಮೇಯಲು ರಸ್ತೆ ಪಕ್ಕಕ್ಕೆ ಬರುತ್ತವೆ, ದೀಪ ಕಂಡರೆ ಗಾಡಿಯ ಎದುರಿಗೇ ಹಾರುತ್ತವೆ. ಮೌಂಟ್ ಐಸಾ ಊರಿನಿಂದ ಪಶ್ಚಿಮಕ್ಕೆ ಹೋಗುವ ಬಾರ್ಕ್ಲಿ ಹೆದ್ದಾರಿ ಕಡೆ ಬಹಳಷ್ಟು ಜಾಗದಲ್ಲಿ ಬೇಲಿಯೇ ಇಲ್ಲ, ದನಗಳು ಟಾರಿನ ಮೇಲೇ ನಿಂತಿರುತ್ತವೆ. ಕಪ್ಪು ದನ, ಕಪ್ಪು ರಸ್ತೆ, ದೀಪವಿಲ್ಲದ ರಾತ್ರಿ. ನಮ್ಮ ಕರಾರು ಪತ್ರದಲ್ಲೂ ಊರಿನ ಹೊರಗೆ ರಾತ್ರಿ ಪ್ರಾಣಿಗೆ ಗುದ್ದಿದರೆ ವಿಮೆ ಇಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು, ನಾನು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ್ದೆ. ಏನಾದರೂ ಆದರೆ ಆಂಬ್ಯುಲೆನ್ಸ್ ಹತ್ತು ನಿಮಿಷದಲ್ಲಿ ಬರುವ ಜಾಗವಾ ಅದು? ಬರೋದು ವಿಮಾನ. ಆ ಹಾರುವ ಡಾಕ್ಟರ್ ಸೇವೆ 1928ರಲ್ಲಿ ಶುರುವಾದದ್ದೇ ನಾವು ದಾಟಿ ಹೋದ ಕ್ಲಾನ್‌ಕರಿಯಿಂದ. ವಿಮಾನವೇ ಬೇಕಾಗುವಷ್ಟು ದೂರ ಅಂತ ತಾನೇ ಶುರು ಮಾಡಿದ್ದು!

ಮೌಂಟ್ ಐಸಾದಿಂದ ಬಾರ್ಕ್ಲಿ ಹೋಮ್‌ಸ್ಟೆಡ್ ಅನ್ನೋ ದಾರಿಬದಿ ತಂಗುದಾಣಕ್ಕೆ ಸುಮಾರು 450 ಕಿಲೋಮೀಟರ್. ನಡುವೆ ಕ್ಯಾಮುವೀಲ್ ಒಂದೇ ಊರು, ಅದಾದ ಮೇಲೆ 260 ಕಿಲೋಮೀಟರ್ ಪೆಟ್ರೋಲ್ ಬಂಕ್ ಇಲ್ಲ. ಎಂಟಕ್ಕೆ ಹೊರಟರೆ ಮಧ್ಯಾಹ್ನ ಎರಡು ಮೂರಕ್ಕೆ ಆರಾಮಾಗಿ ಸೇರಬಹುದು. ಹಿಂದಿನ ರಾತ್ರಿಯೇ ಹೇಳಿದ್ದೆ, ಎಂಟು ಗಂಟೆ ಅಂದರೆ ಎಂಟು ಗಂಟೆ. ಬೆಳಿಗ್ಗೆ ಏಳಕ್ಕೆ ನಾನು ಕರೆಂಟ್ ವೈರ್ ಸುತ್ತಿ, ನೀರು ತುಂಬಿಸಿ, ಗ್ಯಾಸ್ ಬಂದ್ ಮಾಡಿ ರೆಡಿ. ಅವರು ಎದ್ದದ್ದೇ ಎಂಟೂವರೆಗೆ. ಆಮೇಲೆ ಗ್ಯಾಸ್ ಮತ್ತೆ ಹಚ್ಚಿ ಉಪ್ಪಿಟ್ಟು. ಆಮೇಲೆ ತಲೆಸ್ನಾನ, ಕೂದಲು ಒಣಗಿಸೋದು. "ಅಕ್ಕಾ, ಐದೇ ನಿಮಿಷ." ಆಮೇಲೆ ಗುಡ್ಡದ ಮೇಲಿಂದ ಗಣಿಯ ಚಿಮಣಿ ಕಾಣುತ್ತಂತೆ, ಅಲ್ಲೊಂದು ರೀಲ್. ಹೊರಟಾಗ ಹನ್ನೆರಡಾಗಿತ್ತು.

ಕ್ವೀನ್ಸ್‌ಲ್ಯಾಂಡ್ ಬಿಟ್ಟು, ಡಾರ್ವಿನ್ ಇರುವ ನಾರ್ದರ್ನ್ ಟೆರಿಟರಿಯ ಗಡಿ ದಾಟಿದರೆ ಗಡಿಯಾರ ಅರ್ಧ ಗಂಟೆ ಹಿಂದೆ ಹೋಗುತ್ತೆ. "ನೋಡಿ, ಅರ್ಧ ಗಂಟೆ ಸಿಕ್ಕಿತಲ್ಲ, ಸುಮ್ನೆ ಟೆನ್ಶನ್ ಮಾಡ್ಕೋತೀರ" ಅಂತ ಹಿಂದಿನಿಂದ ನಗು. ಗಡಿಯಾರ ಹಿಂದೆ ಹೋದರೆ ಸೂರ್ಯನೂ ಹಿಂದೆ ಹೋಗ್ತಾನಾ? ನಾವು ಹೋಗುತ್ತಿದ್ದದ್ದು ನೇರ ಪಶ್ಚಿಮಕ್ಕೆ, ಇಳಿಯುವ ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು. ಎದುರಿನಿಂದ ರೋಡ್ ಟ್ರೇನ್‌ಗಳು, ಅಂದರೆ ಹಿಂದೆ ಮೂರ್ನಾಲ್ಕು ಟ್ರೇಲರ್ ಕಟ್ಟಿಕೊಂಡ ಲಾರಿಗಳು. ಒಂದೊಂದೂ ಐವತ್ತು ಮೀಟರ್‌ಗೂ ಉದ್ದ, ಹಾದು ಹೋದಾಗ ಗಾಳಿಯ ಹೊಡೆತಕ್ಕೆ ನಮ್ಮ ಗಾಡಿ ಪೂರ್ತಿ ಪಕ್ಕಕ್ಕೆ ಜಗ್ಗುತ್ತೆ. ಅಂಥದ್ದೊಂದು ಹೋದಾಗಲೇ ಕಲ್ಲು ಸಿಡಿದು ಮುಂದಿನ ಗಾಜಿಗೆ ಬಿತ್ತು.

ಹೊತ್ತು ಮುಳುಗಿತು, ಇನ್ನೂ ಅರವತ್ತು ಕಿಲೋಮೀಟರ್ ಬಾಕಿ. ನಡುವೆ ನಿಲ್ಲಿಸಿ ರಾತ್ರಿ ಕಳೆಯೋಣ ಅಂದರೆ ಟ್ಯಾಂಕಲ್ಲಿ ನೀರಿಲ್ಲ, ಕೂದಲು ತೊಳೆದು ಮುಗಿಸಿದ್ದರು. ಐವತ್ತರ ವೇಗದಲ್ಲಿ ತೆವಳಿಕೊಂಡು ಹೋದೆವು. ನಾನು ಓಡಿಸುತ್ತಿದ್ದೆ, ಗಂಡ ಪಕ್ಕದಲ್ಲಿ ಕೂತು ಎಡಬದಿ ಪೊದೆ ನೋಡುತ್ತಿದ್ದ. ಒಂದು ತಿರುವೂ ಇಲ್ಲದ ಜಾಗದಲ್ಲಿ ಅವನು "ನಿಲ್ಸು ನಿಲ್ಸು" ಅಂತ ಕಿರುಚಿದ. ರಸ್ತೆಯ ನಡುವೆ ಒಂದು ಹಸು, ಅದರ ಪಕ್ಕದಲ್ಲಿ ಕರು. ಬ್ರೇಕ್ ಹಾಕಿದ ರಭಸಕ್ಕೆ ಒಳಗಿನ ಪಾತ್ರೆಗಳೆಲ್ಲ ಉರುಳಿದವು. ಗಾಡಿ ನಿಂತಾಗ ಹಸುವಿಗೂ ನಮಗೂ ಒಂದು ಮಾರು ದೂರ ಇತ್ತು. ನನ್ನ ಕಾಲು ನಡುಗಿ ಕ್ಲಚ್ಚೋ ಬ್ರೇಕೋ ತಿಳಿಯುತ್ತಿರಲಿಲ್ಲ. ಹಿಂದಿನಿಂದ ಬಂದ ಮೊದಲ ಮಾತು ಏನು ಗೊತ್ತಾ? "ಸ್ವಲ್ಪ ನಿಧಾನ ಓಡಿಸಬಾರದಾ ಅಕ್ಕಾ, ನನ್ನ ಫೋನ್ ಬಿತ್ತು."

ಆವತ್ತು ರಾತ್ರಿ ನಾನು ಊಟ ಮಾಡಲಿಲ್ಲ. ಇದನ್ನು ಬರೆಯುವಾಗಲೂ ಕೈ ಬಿಸಿಯಾಗುತ್ತಿದೆ.

ಇಷ್ಟಾದ ಮೇಲಾದರೂ ಬದಲಾದರಾ ಅಂದರೆ ಇಲ್ಲ. ಮಟರಾಂಕದ ಬಿಸಿನೀರಿನ ಬುಗ್ಗೆ ನಿಜವಾಗಿ ಸ್ವರ್ಗ, ತಾಳೆ ಮರಗಳ ನಡುವೆ ತಿಳಿ ನೀರು, 34 ಡಿಗ್ರಿ, ಇಳಿದವರಿಗೆ ಏಳಲು ಮನಸ್ಸೇ ಬರಲ್ಲ. ನನಗೂ ಮನಸ್ಸಿರಲಿಲ್ಲ. ಆದರೆ ಕ್ಯಾಥರೀನ್ ಸೇರಬೇಕಲ್ಲ ಅಂತ ನಾವಿಬ್ಬರು ಬೇಗ ಎದ್ದು ಒದ್ದೆ ಬಟ್ಟೆಯಲ್ಲೇ ಗಾಡಿ ಹತ್ತಿರ ಕಾದೆವು. ಅವರು ಮಧ್ಯಾಹ್ನ ಮೂರಕ್ಕೆ ಬಂದರು.

ಕೊನೆಗೆ ಡಾರ್ವಿನ್. ಗಾಡಿ ವಾಪಸ್ ಕೊಡುವಾಗ ಒಳಗೆ ಗುಡಿಸಿರಬೇಕು, ಡೀಸೆಲ್ ತುಂಬಿರಬೇಕು, ಕಕ್ಕಸು ಡಬ್ಬಿ, ಕೊಳಕು ನೀರಿನ ಟ್ಯಾಂಕ್ ಖಾಲಿ ಇರಬೇಕು, ಇಲ್ಲದಿದ್ದರೆ ಒಂದೊಂದಕ್ಕೂ ದಂಡ. ಗುರುವಾರ ಆಗಿತ್ತು, ಮಿಂಡಿಲ್ ಬೀಚಿನಲ್ಲಿ ಸಂಜೆ ಸಂತೆ. ನಾಲ್ಕೂ ಜನ ಟ್ಯಾಕ್ಸಿ ಹಿಡಿದು ಸೂರ್ಯಾಸ್ತ ನೋಡಲು ಹೋದರು. "ಬೇಗ ಮುಗಿಸಿ ಬನ್ನಿ ಆಯ್ತಾ" ಅಂತ ಕೈಬೀಸಿ ಹೋದರು. ನಾನು ಒಲೆಗೆ ಅಂಟಿದ ಒಗ್ಗರಣೆ ಎಣ್ಣೆ ಕೆರೆದೆ, ಗಂಡ ಕೆಂಪು ಧೂಳು ಒರೆಸಿದ. ಮುಗಿದಾಗ ಕತ್ತಲು.

ಮನೆಗೆ ಬಂದ ಮೇಲೆ ಲೆಕ್ಕ. ಬಾಡಿಗೆ, ಡೀಸೆಲ್, ಕ್ಯಾಂಪಿನ ದುಡ್ಡು ಮೂರು ಪಾಲು ಮಾಡಿದ್ದಕ್ಕೆ ತಕರಾರಿಲ್ಲ. ಕಲ್ಲು ಬಿದ್ದ ಗಾಜಿನ ಬಿಲ್ ಬಂದಾಗ ನಮ್ಮ ಚಾಟ್ ಗುಂಪಿನಲ್ಲಿ ಒಬ್ಬ ಬರೆದ: "ಗಾಜು ಓಡಿಸಿದವರ ಜವಾಬ್ದಾರಿ ಅಲ್ವಾ, ನಮ್ಮ ಹೆಸರು ಕರಾರಿನಲ್ಲೇ ಇಲ್ಲವಲ್ಲ." ಇನ್ನಿಬ್ಬರು ಅದಕ್ಕೆ ಹೆಬ್ಬೆರಳು ಒತ್ತಿದರು. ಹೆಸರು ಹಾಕಿಸಬೇಡಿ ಅಂತ ಕೌಂಟರ್ ಮುಂದೆ ಹಿಂದೆ ಸರಿದವರು ಇವರೇ. ಎಂಟಕ್ಕೆ ಹೊರಟಿದ್ದರೆ ಆ ಲಾರಿ ಅಲ್ಲಿ ನಮಗೆ ಎದುರಾಗುತ್ತಲೇ ಇರಲಿಲ್ಲ. ದುಡ್ಡು ದೊಡ್ಡದಲ್ಲ, ನಾನು ಕಟ್ಟಿದರೆ ಬಡವಳಾಗಲ್ಲ. ಆದರೆ ನಾನು ಅದನ್ನು ಒಬ್ಬಳೇ ಕಟ್ಟಲ್ಲ. ಇದು ಮೂರು ಮನೆಯ ಖರ್ಚು.

ಇಷ್ಟರ ಮೇಲೆ ಅದೇ ಗುಂಪಿನಲ್ಲಿ ಈಗ ಮುಂದಿನ ವರ್ಷ ಪರ್ತ್‌ನಿಂದ ಬ್ರೂಮ್‌ಗೆ ಹೋಗೋಣ ಅಂತ ಮಾತು. ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದಾರಿ. "ಅಕ್ಕಾ ಭಾವ ಇದ್ದಾರಲ್ಲ ಓಡಿಸೋಕೆ" ಅಂತ ಆಗಲೇ ಬರೆದೂ ಆಗಿದೆ. ನಾನು ಅಲ್ಲೇ ಉತ್ತರ ಬರೆದೆ, ಇಲ್ಲೂ ಬರೆಯುತ್ತೇನೆ. ಮೊದಲು ಗಾಜಿನ ನಿಮ್ಮ ಎರಡು ಪಾಲು ಕಳಿಸಿ. ಆಮೇಲೆ ಆರು ಜನರ ಹೆಸರೂ ಕರಾರಿನಲ್ಲಿ ಇರಬೇಕು, ಡಬ್ಬಿ ತೊಳೆಯೋದಕ್ಕೆ ಪಾಳಿ ಬರೆದು ಫ್ರಿಜ್ ಮೇಲೆ ಅಂಟಿಸಬೇಕು, ಬೆಳಿಗ್ಗೆ ಎಂಟಕ್ಕೆ ಸೀಟಲ್ಲಿ ಬೆಲ್ಟ್ ಹಾಕಿ ಕೂತಿರಬೇಕು. ಇದು ಆಗಲ್ಲ ಅನ್ನೋರು ವಿಮಾನದಲ್ಲಿ ಹೋಗಿ ಹೋಟೆಲ್‌ನಲ್ಲಿ ಇರಿ, ನಮ್ಮನ್ನು ಕರೆಯಬೇಡಿ.