ಬೆರಳು ಸವೆದವನಿಗೆ ಹಾಜರಿ ಇಲ್ಲ

ಕಾಸರಗೋಡಿನ ಕಡೆ ಕೌಶಲ ತರಬೇತಿ ಎಂದರೆ ಹಳದಿ ಹೆಲ್ಮೆಟ್ ಹಾಕಿ ಬ್ಯಾನರ್ ಮುಂದೆ ನಿಲ್ಲುವುದು. ಹೆಲ್ಮೆಟ್ ಆರು, ಅಭ್ಯರ್ಥಿಗಳು ಮೂವತ್ತು. ಹಾಗಾಗಿ ಫೋಟೊ ಐದು ಕಂತಿನಲ್ಲಿ.

ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಆಗಲು 2 ವರ್ಷ ಬೇಕು, ಪ್ಲಂಬರ್ ಆಗಲು 1 ವರ್ಷ. ಕಂಬಿ ಕಟ್ಟುವವನ ಪುಣ್ಯ ದೊಡ್ಡದು, ಅವನಿಗೆ ಮೂರೇ ದಿನ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವ ಕಲಿಕೆಗೆ ಮಾನ್ಯತೆ ಎಂಬ ವಿಭಾಗವಿದೆ. ಕೆಲಸ ಬಲ್ಲವನನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು ಅದರ ಉದ್ದೇಶ, ಅದರಲ್ಲಿ ತಕರಾರಿಲ್ಲ. ಆ ಉದ್ದೇಶ ದಿಲ್ಲಿಯಿಂದ ಹೊರಟು ಉಪ್ಪಳದ ಆಚೀಚಿನ ಬಾಡಿಗೆ ಹಾಲ್ ಮುಟ್ಟುವಾಗ ಅದಕ್ಕೊಂದು ಹಾಜರಿ ಹಿಡಿಯುವ ಬೆರಳಚ್ಚಿನ ಯಂತ್ರ ಅಂಟಿಕೊಂಡಿರುತ್ತದೆ.

ಸಿಮೆಂಟಿನ ಕ್ಷಾರ ಚರ್ಮ ತಿನ್ನುತ್ತದೆ, ಕಂಬಿ ಉಳಿದದ್ದನ್ನು ಉಜ್ಜುತ್ತದೆ. ಇಪ್ಪತ್ತು ವರ್ಷ ದುಡಿದ ಮೇಸ್ತ್ರಿಯ ಹೆಬ್ಬೆರಳಲ್ಲಿ ಗೆರೆಯೇ ಇಲ್ಲ. ಯಂತ್ರ ಕೆಂಪು ದೀಪ ತೋರಿಸುತ್ತದೆ. "ಅಣ್ಣಾ, ಕೈ ತೊಳೆದು ಬನ್ನಿ" ಎನ್ನುತ್ತಾರೆ. ತೊಳೆದರೆ ಗೆರೆ ಮೊಳೆಯುತ್ತದೆಯೇ? ಅವರ ಹಿಂದೆ ನಿಂತ, ಮೊಬೈಲ್ ಬಿಟ್ಟು ಬೇರೇನೂ ಮುಟ್ಟದ ಹುಡುಗನಿಗೆ ಮೊದಲ ಒತ್ತಿಗೇ ಹಸಿರು. ಪೂರ್ವ ಅನುಭವ ಇದ್ದವನು ಹೊರಗೆ, ಇಲ್ಲದವನು ಒಳಗೆ.

ಒಳಗೆ ವೇದಿಕೆಯ ಮೇಲೆ 12 ಎಂಎಂನ ಒಂದು ತುಂಡು ಕಂಬಿ. ಬಗ್ಗಿಸುವಂತಿಲ್ಲ, ಮುಂದಿನ ಬ್ಯಾಚಿಗೂ ಅದೇ ಬೇಕು. ಕಂಬದ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆ 135 ಡಿಗ್ರಿ ಬಗ್ಗಿ ಕಂಬದ ಒಳಕ್ಕೆ ಹೋಗಬೇಕು, 90ಕ್ಕೆ ಬಿಟ್ಟರೆ ಭೂಕಂಪದಲ್ಲಿ ಹೊರಗಿನ ಕಾಂಕ್ರೀಟ್ ಉದುರಿದೊಡನೆ ರಿಂಗ್ ಬಿಚ್ಚಿಕೊಳ್ಳುತ್ತದೆ. ಇದನ್ನು ಹೇಳುವವರಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000 ಪ್ರಕಾರ ನಮ್ಮಂಥ ಕಡಲತೀರದಲ್ಲಿ ಕಂಬಿಯ ಹೊರಗೆ 45 ಎಂಎಂ ಕಾಂಕ್ರೀಟ್ ಇರಬೇಕು. ಅದಕ್ಕೆಂದೇ ಕಂಬಿಯಡಿ ಇಡುವ ಸಿಮೆಂಟಿನ ಬಿಲ್ಲೆ, ಕವರ್ ಬ್ಲಾಕ್. ಬ್ಲಾಕ್ ಎರಕ ಹೊಯ್ಯಲು ಪುರುಸೊತ್ತಿಲ್ಲದವರು ಜಲ್ಲಿ ಚೂರು ತುರುಕುತ್ತಾರೆ, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ತಾಗಿದೊಡನೆ ಅದು ಜಾರಿ ಕಂಬಿ ಸೆಂಟ್ರಿಂಗ್ ಹಲಗೆಗೆ ಕೂತುಬಿಡುತ್ತದೆ. ಕೆಲವೇ ಮಳೆಗಾಲದಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿದು ಕಂಬಿ ಉಬ್ಬುತ್ತದೆ, ಸ್ಲ್ಯಾಬಿನ ಅಡಿ ಕಳಚಿ ತಲೆಗೆ ಬೀಳುತ್ತದೆ. ಎರಡನೇ ದಿನ ಇದಕ್ಕೆಲ್ಲ ಸಮಯವಿಲ್ಲ, ಅಂದು ವ್ಯಕ್ತಿತ್ವ ವಿಕಸನ. ಸಂದರ್ಶನದಲ್ಲಿ ಕೈಕುಲುಕುವ ಬಗೆ. (ಆ ಕೈಗೆ ಗ್ಲೌಸ್ ಯಾರು ಕೊಡುತ್ತಾರೆ ಎಂಬುದು ಪಠ್ಯದಲ್ಲಿಲ್ಲ.)

ಮೂರನೇ ದಿನ ಪರೀಕ್ಷೆ. ಸುರಕ್ಷತೆಯ ಹೆಲ್ಮೆಟ್ ಎಲ್ಲಿ ಧರಿಸಬೇಕು: ತಲೆ, ಮೊಣಕಾಲು, ಎರಡೂ? ಹೊರಗೆ ಮರದಡಿ ಕೂತ ಮೇಸ್ತ್ರಿ 12 ಎಂಎಂ ಕಂಬಿಯ ತೂಕಕ್ಕೆ 12ನ್ನು 12ರಿಂದ ಗುಣಿಸಿ 162ರಿಂದ ಭಾಗಿಸಿ, ಮೀಟರಿಗೆ 0.89 ಕಿಲೋ ಎಂದು ಬಾಯಲ್ಲೇ ಹೇಳಿ ಅಂಗಡಿಯವನ ತೂಕ ತಪ್ಪೆಂದು ಫೋನಿನಲ್ಲಿ ಜಗಳವಾಡುತ್ತಿದ್ದಾರೆ. ಪಾಪ, ಅವಿದ್ಯಾವಂತ.

ಹುಡುಗನಿಗೆ ಕ್ಯೂಆರ್ ಕೋಡಿನ ಸರ್ಟಿಫಿಕೇಟ್ ಬಂತು. ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥದ ಕೆಲಸಕ್ಕೆ ಹೋಗಿ ಅದನ್ನು ತೋರಿಸಿದ. ಅಲ್ಲಿಯವನು ಕೋಡ್ ನೋಡಲಿಲ್ಲ, ಗಂಟೆಗೆ ಎಷ್ಟು ರಿಂಗ್ ಕಟ್ಟುತ್ತೀ ಎಂದು ಕೇಳಿದ. ಹುಡುಗ ಬಸ್ಸು ಹತ್ತಿ ವಾಪಸ್ ಬಂದ, ಮರುದಿನ ಅದೇ ಮೇಸ್ತ್ರಿಯ ಬಳಿ ಕಂಬಿ ಬಿಗಿಯುವ 18 ಗೇಜಿನ ತಂತಿ ತುಂಡರಿಸಿ ಕೊಡುವ ಕೆಲಸಕ್ಕೆ ಸೇರಿದ. ಕೇಂದ್ರದ ದಾಖಲೆಯಲ್ಲಿ ಇದು "ತರಬೇತಿಯ ಫಲವಾಗಿ ಉದ್ಯೋಗ". ಉದ್ಯೋಗ ಕೊಟ್ಟವರ ವಿವರಕ್ಕಾಗಿ ಮೇಸ್ತ್ರಿಗೆ ಫೋನ್ ಬಂತು: ದೃಢೀಕರಣಕ್ಕೆ ಒಂದು ಹೆಬ್ಬೆಟ್ಟು ಬೇಕಂತೆ.