24ನೇ ನಂಬರಿನ ಅಂಗಿ ಯಾರದು?

ಶನಿವಾರ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಇಂಡಿಯನ್ ಅಂಗಡಿಯಲ್ಲಿ ಚಿರೋಟಿ ರವೆ, ಕೊತ್ತಂಬರಿ ಸೊಪ್ಪು ಹಿಡಿದು ಬಿಲ್ಲಿನ ಸಾಲಿನಲ್ಲಿ ನಿಂತಿದ್ದೆ. ತಲೆಯ ಮೇಲೆ ಓಕ್ಲೆಂಡಿನ ಬೇಸ್‌ಬಾಲ್ ತಂಡದ ನನ್ನ ಹಳೆಯ ಹಸಿರು ಟೋಪಿ. ನನ್ನನ್ನು ಬಲ್ಲವರಿಗೆಲ್ಲ ಆ ಟೋಪಿ ಗೊತ್ತು. ಅದನ್ನು ಕಸಕ್ಕೆ ಹಾಕಲು ನನ್ನ ಹೆಂಡತಿ ಹೂಡಿದ ಸಂಚುಗಳೂ ಗೊತ್ತು. ಹಿಂದೆ ನಿಂತಿದ್ದ ಹುಡುಗ, ಬೆಂಗಳೂರಿನಿಂದ ಹೊಸದಾಗಿ ಬಂದವನಿರಬೇಕು, ಬಹಳ ಮರ್ಯಾದೆಯಿಂದ ಕೇಳಿದ: "ಅಂಕಲ್, ನೀವು ಸ್ಯಾಕ್ರಮೆಂಟೊ ಟೀಮಿನ ಅಭಿಮಾನಿಯೇ?"

ಅಂಕಲ್ ಎಂದದ್ದನ್ನು ಕ್ಷಮಿಸಿದ್ದೇನೆ. ಆದರೆ ಸ್ಯಾಕ್ರಮೆಂಟೊ!

ಹುಡುಗನ ತಪ್ಪೇನಿಲ್ಲ. ಅವನು ಟಿವಿಯಲ್ಲಿ ನೋಡುತ್ತಿರುವುದು ಅದನ್ನೇ. 1968ರಿಂದ 2024ರವರೆಗೆ, 57 ಸೀಸನ್ ಓಕ್ಲೆಂಡ್ ಅಥ್ಲೆಟಿಕ್ಸ್ ಆಗಿದ್ದ ತಂಡ ಈಗ ಊರಿನ ಹೆಸರಿಲ್ಲದೆ ಬರೀ ಅಥ್ಲೆಟಿಕ್ಸ್. ಆಡುವುದು ಸ್ಯಾಕ್ರಮೆಂಟೊದಲ್ಲಿ, ಸುಮಾರು 14,000 ಜನ ಹಿಡಿಸುವ, ಕೆಳಗಿನ ದರ್ಜೆಯ ತಂಡವೊಂದರ ಮೈದಾನದಲ್ಲಿ. ಕಣ್ಣಿಟ್ಟಿರುವುದು ಲಾಸ್ ವೇಗಸ್ ಮೇಲೆ. 2025ರ ಅಂಗಿ ನೋಡಿದ್ದೀರಾ? ಒಂದು ತೋಳಿನ ಮೇಲೆ ಸ್ಯಾಕ್ರಮೆಂಟೊದ ಗುರುತು, ಇನ್ನೊಂದು ತೋಳಿನ ಮೇಲೆ ಲಾಸ್ ವೇಗಸ್ಸಿನ ಗುರುತು. ಇರುವ ಮನೆಗೊಂದು, ಹೋಗಲಿರುವ ಮನೆಗೊಂದು. ಇಷ್ಟು ವರ್ಷ ಬಾಳಿದ ಮನೆಗೆ ಒಂದು ಗುಂಡಿಯಷ್ಟೂ ಜಾಗವಿಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. 2025ರ ಮಾರ್ಚ್ 31ರಂದು ಸ್ಯಾಕ್ರಮೆಂಟೊದಲ್ಲಿ ಮೊದಲ ಪಂದ್ಯ. ಅವತ್ತು ತಂಡದವರೆಲ್ಲ ಬೆನ್ನಿನ ಮೇಲೆ ಒಂದೇ ನಂಬರು ಹಾಕಿಕೊಂಡು ಇಳಿದರು: 24. ಅದು ತಂಡದ ಹಳೆಯ ಆಟಗಾರ ರಿಕಿ ಹೆಂಡರ್ಸನ್ನನ ನಂಬರು. ಶ್ರದ್ಧಾಂಜಲಿಯಂತೆ. ಓಕ್ಲೆಂಡಿನಲ್ಲಿ ಬೆಳೆದು, ಓಕ್ಲೆಂಡಿನ ಟೆಕ್ನಿಕಲ್ ಹೈಸ್ಕೂಲಿನಲ್ಲಿ ಓದಿ, ಓಕ್ಲೆಂಡಿನ ಮೈದಾನಕ್ಕೇ ತನ್ನ ಹೆಸರಿಡಿಸಿಕೊಂಡ ಮನುಷ್ಯನಿಗೆ ಶ್ರದ್ಧಾಂಜಲಿ. ಅಂಗಿಯ ಮೇಲೆ ಓಕ್ಲೆಂಡ್ ಮಾತ್ರ ಇಲ್ಲ. ಅಂದು ಶಿಕಾಗೊ ಕಬ್ಸ್ ಇವರನ್ನು 18–3ರಿಂದ ಚಚ್ಚಿಹಾಕಿತು. ನನಗೆ ಆದ ಸಂತೋಷ ಒಳ್ಳೆಯ ಸಂತೋಷವಲ್ಲ, ಒಪ್ಪಿಕೊಳ್ಳುತ್ತೇನೆ. ರಾತ್ರಿ ಒಂದು ಹೋಳಿಗೆ ಹೆಚ್ಚಿಗೆ ತಿಂದೆ.

ರಿಕಿ ಯಾರೆಂದು ಕೇಳುವವರಿಗೆ ಎರಡು ಮಾತು. ಬೇಸ್‌ಬಾಲಿನಲ್ಲಿ ಬೇಸ್ ಕದಿಯುವುದು ಎಂಬ ಒಂದು ವಿದ್ಯೆಯಿದೆ. ಪಿಚರ್ ಚೆಂಡೆಸೆಯಲು ಕೈ ಎತ್ತುವ ಹೊತ್ತಿಗೆ ಓಟಗಾರ ಮುಂದಿನ ಬೇಸಿನತ್ತ ಓಟ ಕಿತ್ತಿರಬೇಕು. ಸಿಕ್ಕಿಬಿದ್ದರೆ ಔಟ್. ಹೀಗೆ ರಿಕಿ 1982ರ ಒಂದೇ ಸೀಸನ್ನಿನಲ್ಲಿ ಕದ್ದದ್ದು 130. ಇಡೀ ವೃತ್ತಿಯಲ್ಲಿ 1,406. ಅವನ ನಂತರದ ಲೂ ಬ್ರಾಕ್ 938ಕ್ಕೇ ನಿಂತಿದ್ದಾನೆ. ವಿಮಾನ ಇಳಿಯುವುದನ್ನು ಗಮನಿಸಿ ತನ್ನ ಜಾರುವಿಕೆಯನ್ನು ತಿದ್ದಿಕೊಂಡೆ ಎನ್ನುತ್ತಿದ್ದ: ತಲೆ ಮುಂದೆ, ಎದೆ ನೆಲಕ್ಕೆ ಹತ್ತಿರ, ಧಡಕ್ಕೆಂದು ಬೀಳದೆ ಹಗುರಾಗಿ ಇಳಿಯುವುದು. 1991ರ ಮೇ 1ರಂದು ಬ್ರಾಕ್‌ನ ದಾಖಲೆ ಮುರಿದಾಗ ಬೇಸನ್ನೇ ನೆಲದಿಂದ ಕಿತ್ತು ತಲೆಯ ಮೇಲೆತ್ತಿ ಹಿಡಿದ. ಬ್ರಾಕ್ ಪಕ್ಕದಲ್ಲಿ ನಿಂತಿರುವಾಗಲೇ, ಇವತ್ತಿನಿಂದ ನಾನೇ ಸಾರ್ವಕಾಲಿಕ ಶ್ರೇಷ್ಠ ಎಂದು ಮೈಕಿನಲ್ಲಿ ಹೇಳಿದ. ವಿನಯ ಕಡಿಮೆ ಎಂದು ಮೂಗು ಮುರಿದವರು ಆಗಲೂ ಇದ್ದರು. 1,406 ಬೇಸ್ ಕದ್ದವನು ವಿನಯವನ್ನು ಇಟ್ಟುಕೊಂಡು ಏನು ಮಾಡಬೇಕು?

ನಾನು ಈ ದೇಶಕ್ಕೆ ಬಂದದ್ದು 1998ರಲ್ಲಿ. ಅದೇ ವರ್ಷ ರಿಕಿ ಮೂರನೆಯ ಸಲ ಈ ತಂಡಕ್ಕೆ ಮರಳಿದ್ದ. 39ರ ವಯಸ್ಸಿನಲ್ಲಿ 66 ಬೇಸ್ ಕದ್ದು ಲೀಗಿಗೇ ಮೊದಲಿಗನಾದ. ಸಂಬಳ ಬಾಡಿಗೆಗೇ ಸಾಲದ ಕಾಲ. ಸ್ಯಾನ್ ಫ್ರಾನ್ಸಿಸ್ಕೊದ ತಂಡದ ಟಿಕೆಟ್ ಎಟುಕುತ್ತಿರಲಿಲ್ಲ, ಓಕ್ಲೆಂಡಿನದು ಎಟುಕಿತು. ಫ್ರೀಮಾಂಟಿನಲ್ಲಿ ಬಾರ್ಟ್ ರೈಲು ಹತ್ತಿ, ತಂಡದ ಮೈದಾನವಾದ ಕೊಲಿಸಿಯಮ್ಮಿನ ನಿಲ್ದಾಣದಲ್ಲಿ ಇಳಿದು, ಆ ಉದ್ದನೆಯ ಕಾಲುಸೇತುವೆಯ ಮೇಲೆ ಹುರಿದ ಕಡಲೆಕಾಯಿ ಪೊಟ್ಟಣ ಕೊಂಡು, ಚೀಲದಲ್ಲಿದ್ದ ಚಿತ್ರಾನ್ನದ ಡಬ್ಬಿಯೊಂದಿಗೆ ಒಳಗೆ ಹೋಗುವುದು. ಪಕ್ಕದ ಸೀಟಿನವರು ಚಿತ್ರಾನ್ನ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದರು. ಈ ದೇಶದಲ್ಲಿ ನನ್ನ ಹೆಸರನ್ನು ಮೊದಲು ಸರಿಯಾಗಿ ಉಚ್ಚರಿಸಿದ್ದು ನನ್ನ ಕಚೇರಿಯವರಲ್ಲ, ಬಲಬದಿಯ ಬೆಂಚುಗಳಲ್ಲಿ ಡೋಲು ಬಾರಿಸುತ್ತಿದ್ದವರು.

2024ರ ಸೆಪ್ಟೆಂಬರ್ 26ರಂದು ಅಲ್ಲಿ ಕಡೆಯ ಪಂದ್ಯ. ಬಂದ ಜನ 46,889. ಮೊದಲ ಚೆಂಡು ಎಸೆಯಲು ಕರೆದದ್ದು ಓಕ್ಲೆಂಡಿನ ಇಬ್ಬರು ಮಕ್ಕಳನ್ನು, ರಿಕಿ ಮತ್ತು ಡೇವ್ ಸ್ಟೀವರ್ಟ್. ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 20ರಂದು ರಿಕಿ ಹೋಗಿಬಿಟ್ಟ. ನಾನು ಕಣ್ಣೀರು ಹಾಕಿದೆ. ನನ್ನ ಸೋದರಮಾವ ತೀರಿಕೊಂಡಾಗಲೂ ಅಷ್ಟು ಅತ್ತಿರಲಿಲ್ಲ. ಮಾವನ ಮಕ್ಕಳು ಇದನ್ನು ಓದುತ್ತಾರೆ, ಬೈದುಕೊಳ್ಳಲಿ. ಜನವರಿಯಲ್ಲಿ ಸಾರ್ವಜನಿಕರು ಅವನನ್ನು ನೆನೆಯಲು ಸೇರಿದ್ದು ಎಲ್ಲಿ? ಸ್ಯಾಕ್ರಮೆಂಟೊದಲ್ಲಲ್ಲ, ವೇಗಸ್ಸಿನಲ್ಲೂ ಅಲ್ಲ. ಖಾಲಿಯಾದ ಕೊಲಿಸಿಯಮ್ಮಿನ ಮಗ್ಗುಲಲ್ಲೇ ಇರುವ ಓಕ್ಲೆಂಡ್ ಅರೀನಾದಲ್ಲಿ. ಸತ್ತವನ ಮನೆ ಎಲ್ಲಿತ್ತೆಂದು ಜನರಿಗೆ ಗೊತ್ತಿತ್ತು.

ನನ್ನ ತಕರಾರು ಇಷ್ಟೇ. ತಂಡ ನಿಮ್ಮದು, ಮಾರಿಕೊಳ್ಳಿ, ಹೊತ್ತುಕೊಂಡು ಹೋಗಿ. ನಮ್ಮ ಸತ್ತವರನ್ನೂ ಸಾಮಾನಿನ ಪಟ್ಟಿಗೆ ಸೇರಿಸಿ ಲಾರಿಗೆ ಏರಿಸುವ ಹಕ್ಕು ಯಾರು ಕೊಟ್ಟರು?

ವೈಡಾ ಬ್ಲೂ ಕತೆ ಕೇಳಿ. 1971ರಲ್ಲಿ, ಮೀಸೆ ಚಿಗುರುವ ವಯಸ್ಸಿನಲ್ಲಿ, 24 ಪಂದ್ಯ ಗೆದ್ದು 301 ಸಲ ಬ್ಯಾಟರುಗಳನ್ನು ಮೂರು ಸ್ಟ್ರೈಕಿಗೇ ಔಟ್ ಮಾಡಿ ಕಳಿಸಿದ ಪಿಚರ್. ಆಗಿನ ಮಾಲೀಕ ಚಾರ್ಲಿ ಫಿನ್ಲಿಗೆ ಆಟಗಾರರ ಹೆಸರು ಬದಲಿಸುವ ಚಟ. ಜಿಮ್ ಹಂಟರ್‌ಗೆ ಕ್ಯಾಟ್‌ಫಿಶ್ ಎಂದು ಹೆಸರಿಟ್ಟು, ಅದಕ್ಕೊಂದು ಬಾಲ್ಯದ ಕತೆಯನ್ನೂ ತಾನೇ ಕಟ್ಟಿದವನು. ವೈಡಾನಿಗೂ ಹಣದ ಆಸೆ ತೋರಿಸಿ, "ಟ್ರೂ ಬ್ಲೂ" ಎಂದು ಬದಲಿಸಿಕೋ ಎಂದ. ವೈಡಾ ಎನ್ನುವುದು ಹುಡುಗನಿಗೆ ತೀರಿಹೋದ ಅಪ್ಪನಿಂದ ಬಂದ ಹೆಸರು. ಅಷ್ಟು ಇಷ್ಟವಿದ್ದರೆ ಫಿನ್ಲಿಯೇ ತನ್ನ ಹೆಸರನ್ನು ಟ್ರೂ ಎಂದು ಇಟ್ಟುಕೊಳ್ಳಲಿ ಎಂದು ತಳ್ಳಿಹಾಕಿದ. 2023ರ ಏಪ್ರಿಲ್‌ನಲ್ಲಿ, 1973ರಲ್ಲಿ ಬೇಸ್‌ಬಾಲಿನ ಅತಿ ದೊಡ್ಡ ಕಪ್ಪಾದ ವರ್ಲ್ಡ್ ಸೀರೀಸ್ ಗೆದ್ದ ತಂಡದ ಐವತ್ತನೆಯ ವರ್ಷದ ಸನ್ಮಾನಕ್ಕೆ ಅದೇ ವೈಡಾ ಊರುಗೋಲು ಹಿಡಿದು ಕೊಲಿಸಿಯಮ್ಮಿಗೆ ಬಂದ. ಸನ್ಮಾನ ಮುಗಿದ ಕೆಲವೇ ದಿನಗಳಲ್ಲಿ ತಂಡ ವೇಗಸ್ಸಿನಲ್ಲಿ ಜಾಗ ಹಿಡಿದ ಸುದ್ದಿ ಹೊರಬಿತ್ತು. ಮೇ 6ರಂದು ವೈಡಾ ತೀರಿಕೊಂಡ. ಮುದುಕರನ್ನು ಸಾಲಾಗಿ ನಿಲ್ಲಿಸಿ ಕೈ ಕುಲುಕುವಾಗ ಆ ಕಾಗದಗಳು ಯಾರ ಮೇಜಿನ ಮೇಲಿದ್ದವೋ.

"ಜನವೇ ಬರುತ್ತಿರಲಿಲ್ಲವಲ್ಲ, ಮಾಲೀಕ ಏನು ಮಾಡಬೇಕು?" ಇದು ನಮ್ಮ ಪಾಟ್‌ಲಕ್ ಪಂಡಿತರ ಪ್ರಶ್ನೆ. 1990ರಲ್ಲಿ ಇದೇ ಮೈದಾನಕ್ಕೆ 29 ಲಕ್ಷ ಜನ ಬಂದಿದ್ದರು. ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಸಾಗಹಾಕಿ, ಸೋರುವ ಕಟ್ಟಡವನ್ನು ಸೋರಲು ಬಿಟ್ಟು, ಆಮೇಲೆ ಖಾಲಿ ಸೀಟಿನ ಫೋಟೊ ತೋರಿಸಿದರೆ ಹೇಗೆ? 2023ರ ಜೂನ್ 13ರಂದು ಅಭಿಮಾನಿಗಳು ತಾವೇ ಕರೆಕೊಟ್ಟು 27,759 ಜನರನ್ನು ಸೇರಿಸಿದರು. ತಂಡವನ್ನು ಮಾರಿಬಿಡು ಎಂದು ಮಾಲೀಕ ಜಾನ್ ಫಿಷರ್‌ಗೆ ಹಸಿರು ಟೀಶರ್ಟ್ ತೊಟ್ಟು ಕೂಗಿದರು. ಅದೇ ವಾರ ವೇಗಸ್ ಇರುವ ನೆವಾಡಾ ರಾಜ್ಯ, ಅಲ್ಲಿ ಹೊಸ ಮೈದಾನ ಕಟ್ಟಲು 38 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಡಲು ಒಪ್ಪಿತು. ನವೆಂಬರ್‌ನಲ್ಲಿ ಲೀಗಿನ 30 ತಂಡಗಳ ಮಾಲೀಕರೂ ತಂಡ ಊರು ಬಿಡಲು ಒಪ್ಪಿ ಮತ ಹಾಕಿದರು. ಒಬ್ಬನೇ ಒಬ್ಬ ಬೇಡ ಎನ್ನಲಿಲ್ಲ.

ಇನ್ನೊಂದು ವಾದ ಸ್ವಲ್ಪ ಚೂಪು: ಓಕ್ಲೆಂಡಿಗೂ ಈ ತಂಡ ಕಾನ್ಸಾಸ್ ಸಿಟಿಯಿಂದ ಬಂದದ್ದು, ಅಲ್ಲಿಗೆ ಫಿಲಡೆಲ್ಫಿಯಾದಿಂದ. ನಿಜ. ಆ ಊರುಗಳ ಮುದುಕರಿಗೂ ಹೀಗೆಯೇ ಹೊಟ್ಟೆ ಉರಿದಿರಬೇಕು. ಎರಡು ಊರಿಗೆ ಹೀಗಾಗಿದೆ ಎನ್ನುವುದು ಮೂರನೆಯ ಊರಿಗೆ ಸಮಾಧಾನವಾಗುವುದು ಹೇಗೆಂದು ಮಾತ್ರ ಯಾರೂ ಹೇಳಲಿಲ್ಲ. ಅದಲ್ಲದೆ ಬೇರೆ ದಾರಿ ಇರಲಿಲ್ಲವೇ? 1996ರಲ್ಲಿ ಅಮೆರಿಕನ್ ಫುಟ್‌ಬಾಲಿನ ಬ್ರೌನ್ಸ್ ತಂಡ ಕ್ಲೀವ್‌ಲೆಂಡ್ ಬಿಟ್ಟು ಬಾಲ್ಟಿಮೋರಿಗೆ ಹೋದಾಗ ಹೆಸರು, ಬಣ್ಣ, ದಾಖಲೆಗಳೆಲ್ಲ ಊರಲ್ಲೇ ಉಳಿಯಬೇಕೆಂದು ಒಪ್ಪಂದವಾಯಿತು. 2008ರಲ್ಲಿ ಸಿಯಾಟಲಿನ ಬಾಸ್ಕೆಟ್‌ಬಾಲ್ ತಂಡ ಓಕ್ಲಹೋಮ ಸೇರಿದರೂ ಸೂಪರ್‌ಸಾನಿಕ್ಸ್ ಎಂಬ ಹೆಸರು ಸಿಯಾಟಲಿನಲ್ಲೇ ಉಳಿಯಿತು. ಮನಸ್ಸಿದ್ದರೆ ಆಗುತ್ತದೆ. ಇವರಿಗೆ ಮನಸ್ಸಿರಲಿಲ್ಲ, ಅಂಗಿ ಮಾರಬೇಕಿತ್ತು.

"ಅದೊಂದು ಕಂಪನಿ ಕಣ್ರೀ, ಇಷ್ಟೇಕೆ ತಲೆ ಕೆಡಿಸಿಕೊಳ್ಳುತ್ತೀರಿ" ಎಂದು ಬರೆಯಲು ಬೆರಳು ತುರಿಸುತ್ತಿರುವವರು ಸ್ವಲ್ಪ ತಡೆಯಿರಿ. ಕಪ್ಪಿಗಾಗಿ 18 ಸೀಸನ್ ಹಪಹಪಿಸಿದ ಆರ್‌ಸಿಬಿ ಕೂಡ ಕಂಪನಿಯೇ. ನಾಳೆ ಅದನ್ನು ಅಹಮದಾಬಾದಿಗೆ ಸಾಗಿಸಿ, ಅಂಗಿಯಿಂದ ಬೆಂಗಳೂರನ್ನು ಅಳಿಸಿ, ಹನ್ನೊಂದು ಜನರ ಬೆನ್ನಿಗೂ ಕೊಹ್ಲಿಯ 18 ಅಂಟಿಸಿ ಗೌರವ ಸಲ್ಲಿಸಿದೆವು ಎಂದರೆ ನೀವು ಎಷ್ಟು ಶಾಂತವಾಗಿರುತ್ತೀರೋ ನೋಡೋಣ.

ಓಕ್ಲೆಂಡಿನಲ್ಲಿ ಬೇಸ್‌ಬಾಲ್ ಸತ್ತಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಪಶ್ಚಿಮ ಓಕ್ಲೆಂಡಿನ ರೈಮಂಡಿ ಪಾರ್ಕಿನಲ್ಲಿ 2024ರಿಂದ ಬಾಲರ್ಸ್ ಎಂಬ ತಂಡ ಆಡುತ್ತಿದೆ. ದೊಡ್ಡ ಲೀಗಿನದಲ್ಲ, ಅಭಿಮಾನಿಗಳೂ ಪಾಲು ಕೊಂಡಿರುವ ತಂಡ. 2025ರಲ್ಲಿ ತಮ್ಮ ಪಯೋನಿಯರ್ ಲೀಗನ್ನು ಗೆದ್ದೂ ಬಿಟ್ಟರು. ಮುಂದಿನ ಪಂದ್ಯಕ್ಕೆ ನನ್ನ ಕಾರಿನಲ್ಲಿ ಎರಡು ಸೀಟು ಖಾಲಿಯಿವೆ, ಚಿತ್ರಾನ್ನ ನನ್ನದು. ಅಂಗಡಿಯ ಆ ಹುಡುಗ ಇದನ್ನು ಓದಿದರೆ ಮೊದಲ ಸೀಟು ಅವನಿಗೆ. ಕಂಪನಿ ವಾದದವರು ಬಸ್ಸಿನಲ್ಲಿ ಬರಬಹುದು.