ಓಟ ನಿಲ್ಲಿಸಿ ಜೊತೆಗೆ ನಡೆದವರು

2013ರ ಡಿಸೆಂಬರ್‌ನಲ್ಲಿ ಮೂರು ತಂಡಗಳು ದಕ್ಷಿಣ ಧ್ರುವದ ಕಡೆಗೆ ಹೊರಟವು. ಒಂದು ಬ್ರಿಟನ್ನಿನದು, ಒಂದು ಅಮೆರಿಕದ್ದು, ಇನ್ನೊಂದು ಕೆನಡಾ ಮತ್ತು ಆಸ್ಟ್ರೇಲಿಯಾದವರು ಸೇರಿ ಕಟ್ಟಿದ್ದು. ಮೂರರಲ್ಲೂ ಗಾಯಾಳು ಸೈನಿಕರಿದ್ದರು. ಯುದ್ಧದಲ್ಲಿ ಕಾಲು ಕಳೆದುಕೊಂಡವರು, ಕೈ ಕಳೆದುಕೊಂಡವರು, ಕಣ್ಣು ಕಳೆದುಕೊಂಡವರು. ಸ್ಕೀ ಕಟ್ಟಿಕೊಂಡು, ಸಾಮಾನು ತುಂಬಿದ ಜಾರುಬಂಡಿಯನ್ನು ತಾವೇ ಎಳೆಯುತ್ತಾ ಸುಮಾರು 335 ಕಿಲೋಮೀಟರ್ ಹೋಗಬೇಕು. ಯಾರು ಮೊದಲು ಮುಟ್ಟುತ್ತಾರೆ ಅನ್ನೋ ಪಂದ್ಯ. ಏರ್ಪಡಿಸಿದ್ದು ‘ವಾಕಿಂಗ್ ವಿತ್ ದಿ ವೂಂಡೆಡ್’ ಎಂಬ ಬ್ರಿಟಿಷ್ ಸಂಸ್ಥೆ. ಸೈನ್ಯ ಬಿಟ್ಟು ಬಂದ ಗಾಯಾಳುಗಳಿಗೆ ಹೊಸ ಕೆಲಸ, ಹೊಸ ಬದುಕು ಕಟ್ಟಿಕೊಡಲು ದುಡ್ಡು ಕೂಡಿಸುವುದು ಅವರ ಉದ್ದೇಶ.

ರಾಜಕುಮಾರ ಹ್ಯಾರಿ ಬ್ರಿಟಿಷ್ ತಂಡದ ಜೊತೆ ನಡೆದರು. ಹಾಗಾಗಿ ಸುದ್ದಿಯೆಲ್ಲ ಅವರ ಸುತ್ತಲೇ ತಿರುಗಿತು. ನಾನು ಹೇಳಬೇಕು ಅಂದುಕೊಂಡಿರುವುದು ಅದೇ ತಂಡದ ಡಂಕನ್ ಸ್ಲೇಟರ್ ಬಗ್ಗೆ. 2009ರಲ್ಲಿ ಅಫ್ಘಾನಿಸ್ತಾನದಲ್ಲಿ ಬಾಂಬ್ ಸ್ಫೋಟಕ್ಕೆ ಸಿಕ್ಕಿ, ಕೊನೆಗೆ ಎರಡೂ ಕಾಲು ಕಳೆದುಕೊಂಡವರು.

ಕೃತಕ ಕಾಲಲ್ಲಿ ಆ ಚಳಿಯಲ್ಲಿ ನಡೆಯೋದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಉಳಿದ ಕಾಲಿನ ತುದಿಗೆ ಮೊದಲು ಕಾಲುಚೀಲದಂಥ ಸಿಲಿಕೋನ್ ಲೈನರ್ ಹಾಕುತ್ತಾರೆ. ಅದರೊಳಗೆ ಗಾಳಿಯಾಡುವುದಿಲ್ಲ. ಭಾರ ಎಳೆದಾಗ ಬೆವರು ತುಂಬಿಕೊಳ್ಳುತ್ತದೆ. ಮೈನಸ್ 35 ಡಿಗ್ರಿ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಆ ಬೆವರೇ ಶತ್ರು. ಕತ್ತರಿಸಿದ ಜಾಗದಲ್ಲಿ ರಕ್ತದ ಓಡಾಟ ಕಡಿಮೆ, ಸ್ಪರ್ಶವೂ ಕಡಿಮೆ ಇರಬಹುದು. ಹಿಮ ಕಚ್ಚಿದರೂ ತಕ್ಷಣ ಗೊತ್ತಾಗುವುದಿಲ್ಲ. ಚರ್ಮ ಉಜ್ಜಿ ಗಾಯವಾಯಿತೋ, ಮಾರನೇ ದಿನ ಕಾಲು ಹಾಕಿಕೊಳ್ಳುವುದೇ ಕಷ್ಟ. ನೆಲವಾದರೂ ಸಮ ಇದೆಯಾ? ಅದೂ ಇಲ್ಲ. ಗಾಳಿ ಕೆತ್ತಿ ಕೆತ್ತಿ ಗಟ್ಟಿಯಾದ ಹಿಮದ ದಿಬ್ಬಗಳು, ಸಾಸ್ಟ್ರುಗಿ ಅಂತಾರೆ. ಉತ್ತು ಬಿಟ್ಟು ಬಿಸಿಲಿಗೆ ಒಣಗಿದ ಎರೆ ಹೊಲದ ಹೆಂಟೆಗಳ ಮೇಲೆ ನಡೆದವರಿಗೆ ಅದು ಸ್ವಲ್ಪ ಅರ್ಥವಾದೀತು. ಪಾದಕ್ಕೆ ನೆಲದ ಏರುತಗ್ಗು ತಿಳಿಯದೆ ಅಲ್ಲಿ ಹೆಜ್ಜೆ ಇಡಬೇಕು. ಸಾಲದ್ದಕ್ಕೆ ಧ್ರುವ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,800 ಮೀಟರ್ ಎತ್ತರದಲ್ಲಿ. ಉಸಿರಿಗೂ ತ್ರಾಸು.

ಅಮೆರಿಕದ ತಂಡದಲ್ಲಿ ಐವನ್ ಕ್ಯಾಸ್ಟ್ರೊ ಇದ್ದರು. 2006ರಲ್ಲಿ ಇರಾಕಿನಲ್ಲಿ ಕಣ್ಣು ಕಳೆದುಕೊಂಡರೂ ಸೈನ್ಯ ಬಿಡದ ವಿಶೇಷ ಪಡೆಯ ಅಧಿಕಾರಿ. ಪೂರ್ತಿ ಕುರುಡು. ಅವರೂ ಅದೇ ಹೆಂಟೆಗಳ ಮೇಲೆಯೇ ಹೋದರು.

ನನಗೆ ಈ ಯಾತ್ರೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಮಧ್ಯದಲ್ಲಿ ತೆಗೆದುಕೊಂಡ ಒಂದು ತೀರ್ಮಾನ. ಹಾದಿ ಅಂದುಕೊಂಡದ್ದಕ್ಕಿಂತ ಕಠಿಣವಾಗಿತ್ತು. ಗೆಲ್ಲುವ ಹಟದಲ್ಲಿ ಎಲ್ಲರೂ ಮೈ ಮರೆತು ಎಳೆಯುತ್ತಿದ್ದರು, ದೇಹಗಳು ಸೋಲುತ್ತಿದ್ದವು. ಆಗ ಯಾತ್ರೆಯ ಮುಂದಾಳು ಎಡ್ ಪಾರ್ಕರ್ ಪಂದ್ಯವನ್ನೇ ನಿಲ್ಲಿಸಿದರು. ಡಿಸೆಂಬರ್ 13ರಂದು ಮೂರೂ ತಂಡಗಳು ಒಟ್ಟಿಗೆ ಧ್ರುವ ಮುಟ್ಟಿದವು. ಎರಡೂ ಕಾಲಿಲ್ಲದೆ ಸ್ಕೀ ಮೇಲೆ ಅಲ್ಲಿಗೆ ತಲುಪಿದ ಮೊದಲಿಗರು ಸ್ಲೇಟರ್. ಅದಕ್ಕೆ ಹಿಂದಿನ ವರ್ಷ ಇದೇ ಸಂಸ್ಥೆಯ ತಂಡ ಎವರೆಸ್ಟ್‌ಗೆ ಹೋಗಿ, ಹಿಮ ಕುಸಿಯುವ ಅಪಾಯ ಜಾಸ್ತಿಯಾಯಿತು ಅಂತ ತುದಿ ಮುಟ್ಟದೆ ಇಳಿದು ಬಂದಿತ್ತು. ಯುದ್ಧದಲ್ಲಿ ಒಮ್ಮೆ ದೇಹ ಕೊಟ್ಟವರನ್ನು ಫೋಟೋಗೋಸ್ಕರ ಇನ್ನೊಮ್ಮೆ ಬಲಿ ಕೊಡಬಾರದು. ದುಡ್ಡು ಕೂಡಿಸುವ ಕೆಲಸಕ್ಕೆ ಈ ವಿವೇಕ ಬೇಕೇ ಬೇಕು.

‘ಅಷ್ಟು ಖರ್ಚು ಮಾಡಿ ಹಿಮದಲ್ಲಿ ನಡೆಯೋ ಬದಲು ಆ ದುಡ್ಡನ್ನೇ ಕೊಡಬಹುದಿತ್ತಲ್ವಾ?’ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಗಾಯಾಳು ಸೈನಿಕನಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಏನಾಗುತ್ತದೆ ನೋಡಿ. ನಿನ್ನೆವರೆಗೆ ಹತ್ತು ಜನರ ಜೀವ ಅವನ ಎಚ್ಚರದ ಮೇಲೆ ನಿಂತಿತ್ತು. ಇವತ್ತು ನೀರಿನ ಲೋಟವನ್ನೂ ಬೇರೆಯವರು ತಂದುಕೊಡುತ್ತಾರೆ. ಎಲ್ಲರೂ ಒಳ್ಳೆಯವರೇ, ಯಾರಿಗೂ ಅವನು ಬೇಕಾಗಿಲ್ಲ ಅಷ್ಟೇ. ಹಿಮದ ಮೇಲೆ ಹಾಗಿಲ್ಲ. ಡೇರೆ ಹಾಕಬೇಕು, ಸ್ಟೌ ಹಚ್ಚಿ ಗಂಟೆಗಟ್ಟಲೆ ಹಿಮ ಕರಗಿಸಿ ನೀರು ಮಾಡಬೇಕು, ಪಕ್ಕದವನ ಮುಖದ ಮೇಲೆ ಹಿಮ ಕಚ್ಚಿದ ಬಿಳಿ ಮಚ್ಚೆ ಕಂಡರೆ ಕೂಗಿ ಹೇಳಬೇಕು. ಅಲ್ಲಿ ಅವನು ಬೇಕು. ಚೆಕ್ ಬರೆದು ಇದನ್ನು ಕೊಡಲು ಆಗುವುದಿಲ್ಲ.

ಇದೆಲ್ಲ ದೂರದ ಕತೆ ಅಂದುಕೊಳ್ಳಬೇಡಿ. ಸಿಯಾಚಿನ್‌ನಲ್ಲಿ ನಮ್ಮ ಜವಾನರ ಬೆರಳುಗಳನ್ನು ಹಿಮ ತಿನ್ನುತ್ತದೆ. 2016ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಾಗ ಇಡೀ ನಾಡು ದೇವರಿಗೆ ಕೈಮುಗಿದಿತ್ತು. ಅವರು ಉಳಿಯಲಿಲ್ಲ. ಅವರ ಹೆಸರು ನಮಗೆಲ್ಲ ನೆನಪಿದೆ, ಇರಲೇಬೇಕು. ಆದರೆ ಅದೇ ಹಿಮದಿಂದ ಬೆರಳು ಕಳೆದುಕೊಂಡು ಊರಿಗೆ ಮರಳಿದ ಒಬ್ಬರ ಹೆಸರು ಹೇಳಿ ಅಂದರೆ? ಹುತಾತ್ಮರಿಗೆ ನಾವು ಹೂಮಾಲೆ ಹಾಕುತ್ತೇವೆ. ಬದುಕಿ ಬಂದವರಿಗೆ ಕೆಲಸ ಕೊಡುವುದಿಲ್ಲ.

1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳೀಕಾಂತ್ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಭಾರತಕ್ಕೆ ಮೊದಲ ಚಿನ್ನ ತಂದರು. ಪದ್ಮಶ್ರೀ ಬಂದಿದ್ದು 2018ರಲ್ಲಿ. ಮಧ್ಯದ ವರ್ಷಗಳನ್ನು ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಪುಣೆಯ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರವಿದೆ. ಅಲ್ಲಿ ಬಾಯಲ್ಲಿ ಕುಂಚ ಕಚ್ಚಿ ಚಿತ್ರ ಬರೆಯುವವರಿದ್ದಾರೆ. ಎಷ್ಟು ಜನಕ್ಕೆ ಗೊತ್ತು?

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದು ಬಂದಿದೆ. ಶಾಲೆಯಲ್ಲಿ ಡಬ್ಬಿಗೆ ಚಿಲ್ಲರೆ ಹಾಕಿ ಪುಟ್ಟ ಧ್ವಜ ಅಂಗಿಗೆ ಚುಚ್ಚಿಕೊಂಡವರು ನಮ್ಮಲ್ಲಿ ಬಹಳ ಜನ. ಸಂಬಳ ಬರುವ ವಯಸ್ಸಿನಲ್ಲಿ ಅದನ್ನು ಮರೆತುಬಿಟ್ಟೆವು. ಧ್ವಜ ದಿನದ ನಿಧಿಗೆ ಈಗಲೂ ಹಣ ಕಳಿಸಬಹುದು. ನಮ್ಮ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ವಿಚಾರಿಸಿ. ಅಂಗಡಿ, ಕಂಪನಿ, ಶಾಲೆ ನಡೆಸುವವರು ಅಲ್ಲೇ ಇನ್ನೊಂದು ಮಾತನ್ನೂ ಕೇಳಿ: ನಮ್ಮಲ್ಲಿ ಒಂದು ಕೆಲಸ ಇದೆ, ಯಾರಾದರೂ ಇದ್ದಾರಾ ಅಂತ. ಇನ್ನು ಬೆಂಗಳೂರಲ್ಲಿ ಸೈನಿಕರಿಗಾಗಿ ನಡಿಗೆ ಏರ್ಪಡಿಸುವ ಗೆಳೆಯರಿಗೆ ನನ್ನದೊಂದು ಕೋರಿಕೆ. ಗಾಯಾಳುಗಳನ್ನು ವೇದಿಕೆ ಮೇಲೆ ಕೂರಿಸಿ ಶಾಲು ಹೊದಿಸಬೇಡಿ. ಹಾದಿ ಯಾವುದು, ಎಷ್ಟು ದೂರ, ಎಲ್ಲಿ ನಿಲ್ಲಬೇಕು, ಎಲ್ಲವನ್ನೂ ಅವರೇ ನಿರ್ಧರಿಸಲಿ. ಅವರ ವೇಗಕ್ಕೆ ನಾವು ನಡೆಯೋಣ.